ಮುದ್ರೆಯಿಲ್ಲದ ತಕ್ಕಡಿ

"ಬೇಡವಾದರೆ ಬಿಟ್ಟುಬಿಡಿ, ನಿಮ್ಮನ್ನು ಯಾರೂ ಒತ್ತಾಯಿಸಿಲ್ಲವಲ್ಲ!" ಫೇಸ್‌ಬುಕ್, ಯೂಟ್ಯೂಬ್, ಎಕ್ಸ್ ಮುಂತಾದ ಅಂತರ್ಜಾಲ ವೇದಿಕೆಗಳ ಬಗ್ಗೆ ಯಾವ ಪ್ರಶ್ನೆಯನ್ನೆತ್ತಿದರೂ ವಿದ್ಯಾವಂತರ ಬಾಯಿಂದ ಮೊದಲು ಬರುವ ಉತ್ತರ ಇದೇ. ಪುಕ್ಕಟೆಯಾಗಿ ಸಿಗುವ ವಸ್ತುವಿನ ಮೇಲೆ ದೂರು ಹೇಳುವುದು ಸೌಜನ್ಯವಲ್ಲವೆಂಬ ಭಾವವೂ ಅದರಲ್ಲಿ ಸೇರಿರುತ್ತದೆ. ನನಗೆ ಈ ಉತ್ತರ ಒಪ್ಪಿಗೆಯಿಲ್ಲ. ಏಕೆ ಒಪ್ಪಿಗೆಯಿಲ್ಲವೆಂಬುದನ್ನು ಕೊಂಚ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಓದುಗ ಮಿತ್ರರು ಸಹನೆಯಿಂದ ಓದಬೇಕೆಂದು ಕೋರುತ್ತೇನೆ.

ನಮ್ಮ ಸಂತೆಗಳಲ್ಲಿ ತರಕಾರಿ ಮಾರುವ ಬಡ ವ್ಯಾಪಾರಿಯ ತಕ್ಕಡಿ ಮತ್ತು ಬಟ್ಟುಗಳಿಗೆ ಸರಕಾರದ ಮುದ್ರೆ ಇರಬೇಕು. ಕಾನೂನು ಮಾಪನಶಾಸ್ತ್ರ ಇಲಾಖೆಯವರು ಅವನ್ನು ಕಾಲಕಾಲಕ್ಕೆ ಪರೀಕ್ಷಿಸಿ ಮುದ್ರೆ ಒತ್ತಬೇಕೆಂದು ೨೦೦೯ರ ಕಾಯಿದೆ ವಿಧಿಸಿದೆ. "ಇಷ್ಟವಿಲ್ಲದಿದ್ದರೆ ಪಕ್ಕದ ಅಂಗಡಿಗೆ ಹೋಗಿ" ಎಂದು ಆ ವ್ಯಾಪಾರಿ ಹೇಳಿದರೆ ಅಧಿಕಾರಿ ಸುಮ್ಮನಾಗುವುದಿಲ್ಲ. ಏಕೆಂದರೆ ತೂಕ ಎಂಬುದು ಮಾರುವವನ ಖಾಸಗಿ ವಿಷಯವಲ್ಲ. ಅದು ಊರಿನ ನಂಬಿಕೆಗೆ ಸೇರಿದ್ದು. ಎರಡು ಕಿಲೋ ಬದನೆಕಾಯಿ ತೂಗುವ ತಕ್ಕಡಿಗೆ ಇಷ್ಟು ಕಟ್ಟುನಿಟ್ಟು. ಆದರೆ ಕೋಟ್ಯಂತರ ಜನರು ದಿನವೂ ಯಾವ ಸುದ್ದಿಯನ್ನು ಮೊದಲು ನೋಡಬೇಕು, ಯಾವುದನ್ನು ನೋಡಲೇಬಾರದು ಎಂದು ತೂಗುವ ತಕ್ಕಡಿಗೆ ಮುದ್ರೆಯೂ ಇಲ್ಲ, ಪರೀಕ್ಷೆಯೂ ಇಲ್ಲ, ಅದನ್ನು ನೋಡುವ ಹಕ್ಕೂ ನಮ್ಮ ದೇಶದಲ್ಲಿ ಯಾರಿಗೂ ಇಲ್ಲ. ನನ್ನ ವಾದವೆಲ್ಲ ಈ ಒಂದು ಅಸಮತೆಯ ಕುರಿತಾದದ್ದು.

ಆ ತಕ್ಕಡಿಯ ಹೆಸರು ಅಲ್ಗಾರಿದಮ್. ಹೆಸರು ಕೇಳಿ ಹೆದರಬೇಕಾಗಿಲ್ಲ. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಗಣಿತಜ್ಞ ಅಲ್ ಖ್ವಾರಿಜ್ಮಿಯ ಹೆಸರೇ ಲ್ಯಾಟಿನ್ನಿನಲ್ಲಿ ಅಪಭ್ರಂಶಗೊಂಡು ಈ ಪದವಾಗಿದೆ. ನಮ್ಮ ದಶಮಾನ ಅಂಕಿಗಳನ್ನು ಬಳಸಿ ಲೆಕ್ಕ ಮಾಡುವ ರೀತಿಯನ್ನು ವಿವರಿಸಿದವನು ಅವನು. ಒಂದು ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ಮುಗಿಸುವ ನಿಯಮಾವಳಿಯೇ ಅಲ್ಗಾರಿದಮ್. ನಾವು ಎಂಟನೆಯ ತರಗತಿಯ ಮಕ್ಕಳಿಗೆ ಕಲಿಸುವ ವರ್ಗಮೂಲದ ಭಾಗಾಕಾರ ಕ್ರಮವೂ ಒಂದು ಅಲ್ಗಾರಿದಮ್ಮೇ. ಭೇದ ಇಷ್ಟೇ: ವರ್ಗಮೂಲದ ಹೆಜ್ಜೆಗಳು ಪಠ್ಯಪುಸ್ತಕದಲ್ಲಿವೆ, ತಪ್ಪಾದರೆ ಹದಿಮೂರು ವರ್ಷದ ಹುಡುಗನೂ ಎದ್ದು ನಿಂತು ತೋರಿಸಬಲ್ಲ, ವೇದಿಕೆಗಳ ಹೆಜ್ಜೆಗಳು ಕಬ್ಬಿಣದ ಪೆಟ್ಟಿಗೆಯಲ್ಲಿವೆ.

ಆ ಪೆಟ್ಟಿಗೆಯ ಒಳಗೆ ಏನಿರಬಹುದೆಂಬ ಒಂದು ಇಣುಕುನೋಟ ಲೋಕಕ್ಕೆ ದೊರೆತದ್ದು ೨೦೨೧ರಲ್ಲಿ. ಫೇಸ್‌ಬುಕ್ಕಿನ ಮಾಜಿ ಉದ್ಯೋಗಿ ಫ್ರಾನ್ಸೆಸ್ ಹೌಗನ್ ಹೊರತಂದ ಸಾವಿರಾರು ಪುಟಗಳ ಆಂತರಿಕ ಕಾಗದಪತ್ರಗಳು ಆ ವರ್ಷ ಪತ್ರಿಕೆಗಳಲ್ಲಿ ಪ್ರಕಟಗೊಂಡವು. ಅದರಲ್ಲಿನ ಒಂದು ಸಂಗತಿಯನ್ನು ಉತ್ತರಪತ್ರಿಕೆ ತಿದ್ದಿದ ಯಾವ ಮೇಷ್ಟರೂ ಮರೆಯಲಾರರು. ಯಾವ ಬರಹವನ್ನು ಎಷ್ಟು ಜನರಿಗೆ ತೋರಿಸಬೇಕೆಂದು ನಿರ್ಧರಿಸಲು ಸಂಸ್ಥೆ ಅಂಕ ಕೊಡುತ್ತಿತ್ತು. ಓದುಗನೊಬ್ಬ 'ಮೆಚ್ಚುಗೆ' ಒತ್ತಿದರೆ ಒಂದು ಅಂಕ. ೨೦೧೭ರಿಂದ, ಸಿಟ್ಟಿನ ಮುಖದ ಚಿಹ್ನೆಯೂ ಸೇರಿದಂತೆ ಭಾವಚಿಹ್ನೆಗಳಿಗೆ ಅದರ ಐದು ಪಟ್ಟು! ಸಿಟ್ಟು ಬರಿಸುವ ಬರಹಗಳಲ್ಲಿ ಸುಳ್ಳು ಮತ್ತು ವಿಷ ಹೆಚ್ಚೆಂದು ಸಂಸ್ಥೆಯ ವಿಶ್ಲೇಷಕರೇ ೨೦೧೯ರಲ್ಲಿ ಕಂಡುಕೊಂಡರು. ಅನಂತರ ಆ ಅಂಕವನ್ನು ಹಂತಹಂತವಾಗಿ ಇಳಿಸುತ್ತ ೨೦೨೦ರ ಸೆಪ್ಟೆಂಬರಿನಲ್ಲಿ ಸೊನ್ನೆಗೆ ತಂದರು. ತಿದ್ದಿಕೊಂಡದ್ದು ಸರಿಯೇ. ಆದರೆ ಯೋಚಿಸಿ ನೋಡಿ: ಮೂರು ವರ್ಷ ಕಾಲ ಜಗತ್ತಿನ ಕೋಟ್ಯಂತರ ಮನೆಗಳಲ್ಲಿ ಸಿಟ್ಟಿಗೆ ಹೆಚ್ಚು ಅಂಕ ಸಿಗುತ್ತಿತ್ತು. ಆ ಮೂರು ವರ್ಷ ಯಾವ ಸಂಸತ್ತಿಗೂ, ಯಾವ ನ್ಯಾಯಾಲಯಕ್ಕೂ, ಯಾವ ವಿಶ್ವವಿದ್ಯಾಲಯಕ್ಕೂ ಅದು ತಿಳಿದಿರಲಿಲ್ಲ. ಒಬ್ಬ ಉದ್ಯೋಗಿ ಕೆಲಸ ಬಿಟ್ಟು ಕಾಗದ ಹೊರತರದಿದ್ದರೆ ಇಂದಿಗೂ ತಿಳಿಯುತ್ತಿರಲಿಲ್ಲ.

ಅದೇ ಕಾಗದಗಳಲ್ಲಿ ನಮ್ಮ ದೇಶದ ಅಧ್ಯಾಯವೂ ಇತ್ತು. ೨೦೧೯ರ ಫೆಬ್ರುವರಿಯಲ್ಲಿ ಸಂಸ್ಥೆಯ ಸಂಶೋಧಕರೊಬ್ಬರು ಕೇರಳದಲ್ಲಿ ವಾಸಿಸುವ ವ್ಯಕ್ತಿಯ ಹೆಸರಿನಲ್ಲಿ ಒಂದು ಪರೀಕ್ಷಾ ಖಾತೆ ತೆರೆದರು. ನಿಯಮ ಸರಳ: ಅಲ್ಗಾರಿದಮ್ ಯಾವ ಗುಂಪಿಗೆ ಸೇರು ಎನ್ನುತ್ತದೋ ಸೇರುವುದು, ಯಾವ ದೃಶ್ಯ ನೋಡು ಎನ್ನುತ್ತದೋ ನೋಡುವುದು. ಮೂರೇ ವಾರಗಳಲ್ಲಿ ಆ ಖಾತೆ ದ್ವೇಷ, ಸುಳ್ಳು ಮತ್ತು ಹಿಂಸೆಯ ಚಿತ್ರಗಳಿಂದ ತುಂಬಿಹೋಯಿತು. ತಮ್ಮ ಇಡೀ ಜೀವಮಾನದಲ್ಲಿ ಕಂಡದ್ದಕ್ಕಿಂತ ಹೆಚ್ಚು ಶವಗಳ ಚಿತ್ರಗಳನ್ನು ಆ ಮೂರು ವಾರಗಳಲ್ಲಿ ಕಂಡೆನೆಂದು ಆ ಸಂಶೋಧಕರು ವರದಿ ಬರೆದರು. ಇನ್ನೆರಡು ತಿಂಗಳಲ್ಲಿ ಲೋಕಸಭಾ ಚುನಾವಣೆಯ ಮತದಾನ ಆರಂಭವಾಗಲಿತ್ತು. ವರದಿ ಸಂಸ್ಥೆಯೊಳಗೇ ಉಳಿಯಿತು. ಮತದಾರನಾದ ನನಗಾಗಲಿ ನಿಮಗಾಗಲಿ ಅದು ತಿಳಿದದ್ದು ಎರಡೂವರೆ ವರ್ಷಗಳ ಮೇಲೆ.

ಇಷ್ಟಾದ ಮೇಲಾದರೂ ಬಾಗಿಲುಗಳು ತೆರೆದುಕೊಂಡಿರಬೇಕೆಂದು ಊಹಿಸುವವರಿಗೆ ನಿರಾಸೆ ಕಾದಿದೆ. ಇದ್ದ ಕಿಟಕಿಗಳೂ ಮುಚ್ಚುತ್ತಿವೆ. ಫೇಸ್‌ಬುಕ್ ೨೦೧೬ರಲ್ಲಿ ಕೊಂಡುಕೊಂಡ 'ಕ್ರೌಡ್‌ಟ್ಯಾಂಗಲ್' ಎಂಬ ಸಾಧನ, ಯಾವ ಬರಹ ಎಷ್ಟು ಹಬ್ಬುತ್ತಿದೆಯೆಂದು ಪತ್ರಕರ್ತರಿಗೂ ಸಂಶೋಧಕರಿಗೂ ತೋರಿಸುತ್ತಿತ್ತು. ಸುಳ್ಳುಸುದ್ದಿಯ ಬೆನ್ನಟ್ಟುವವರ ಕೈದೀವಿಗೆಯಂತಿದ್ದ ಅದನ್ನು ೨೦೨೪ರ ಆಗಸ್ಟ್ ೧೪ರಂದು ನಿಲ್ಲಿಸಲಾಯಿತು. ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಆಗ ಮೂರು ತಿಂಗಳೂ ಉಳಿದಿರಲಿಲ್ಲ. ಬದಲಿಗೆ ಬಂದ ವ್ಯವಸ್ಥೆಗೆ ಅರ್ಜಿ ಹಾಕಿ ಕಾಯಬೇಕು. ಲಾಭಕ್ಕಾಗಿ ನಡೆಯುವ ಪತ್ರಿಕೆಗಳ ಪತ್ರಕರ್ತರಿಗೆ ಅಲ್ಲಿ ಪ್ರವೇಶವಿಲ್ಲ. ಟ್ವಿಟರ್, ಅಂದರೆ ಈಗಿನ ಎಕ್ಸ್, ೨೦೨೩ರಲ್ಲಿ ತನ್ನ ದತ್ತಾಂಶದ ಉಚಿತ ದ್ವಾರವನ್ನು ಮುಚ್ಚಿ, ಸಾಮಾನ್ಯ ವಿಶ್ವವಿದ್ಯಾಲಯಕ್ಕೆ ಎಟುಕದ ಬೆಲೆ ಕಟ್ಟಿತು. ಅದಕ್ಕೂ ಮುನ್ನ, ೨೦೨೧ರ ಆಗಸ್ಟಿನಲ್ಲಿ, ರಾಜಕೀಯ ಜಾಹೀರಾತುಗಳನ್ನು ಸ್ವಯಂಸೇವಕರ ನೆರವಿನಿಂದ ಅಧ್ಯಯನ ಮಾಡುತ್ತಿದ್ದ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರ ಖಾತೆಗಳನ್ನೇ ಫೇಸ್‌ಬುಕ್ ಸ್ಥಗಿತಗೊಳಿಸಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ!

ಸಂಸ್ಥೆಗಳು ತಾವಾಗಿಯೇ ಕೊಡುವ ಮಾಹಿತಿಯನ್ನು ನಂಬಿ ಸುಮ್ಮನಿರಬಹುದಲ್ಲ ಎನ್ನುವವರಿಗೆ ಎರಡು ಉದಾಹರಣೆಗಳು. ಮೊದಲನೆಯದು: ಫೇಸ್‌ಬುಕ್ ಸಂಶೋಧಕರಿಗೆ ಉದಾರವಾಗಿ ಒದಗಿಸಿದ ದತ್ತಾಂಶವೊಂದರಲ್ಲಿ ಅಮೆರಿಕದ ಬಳಕೆದಾರರ ಸುಮಾರು ಅರ್ಧದಷ್ಟು ಮಂದಿಯ ವಿವರ ಬಿಟ್ಟುಹೋಗಿತ್ತೆಂದು ೨೦೨೧ರಲ್ಲಿ ಬಯಲಾಯಿತು. ಇಟಲಿಯ ಅಧ್ಯಾಪಕರೊಬ್ಬರು ಎರಡು ಲೆಕ್ಕಗಳನ್ನು ತಾಳೆ ನೋಡಿದ್ದರಿಂದ ಅದು ಪತ್ತೆಯಾಯಿತು. ಅಚಾತುರ್ಯವೆಂದು ಸಂಸ್ಥೆ ಕ್ಷಮೆ ಕೇಳಿತು. ಅಷ್ಟರಲ್ಲಿ ಆ ಅರ್ಧ ಲೆಕ್ಕವನ್ನೇ ನೆಚ್ಚಿ ಎಷ್ಟೋ ಜನರು ತಿಂಗಳುಗಟ್ಟಲೆ ದುಡಿದಿದ್ದರು. ಎರಡನೆಯದು: ಟ್ವಿಟರ್ ೨೦೨೩ರ ಮಾರ್ಚ್ ೩೧ರಂದು ತನ್ನ ಶಿಫಾರಸು ವ್ಯವಸ್ಥೆಯ ಸಂಕೇತಲಿಪಿಯನ್ನು ಸಾರ್ವಜನಿಕವಾಗಿ ಪ್ರಕಟಿಸಿತು. ಜನ ಚಪ್ಪಾಳೆ ತಟ್ಟಿದರು. ಆದರೆ ಆ ಯಂತ್ರವನ್ನು ತರಬೇತುಗೊಳಿಸಿದ ದತ್ತಾಂಶ ಅದರ ಜೊತೆಗಿರಲಿಲ್ಲ. ತಕ್ಕಡಿಯ ನಕ್ಷೆ ಕೊಟ್ಟರು, ಬಟ್ಟು ಮುಟ್ಟಲು ಬಿಡಲಿಲ್ಲ. ನಕ್ಷೆಯಿಂದ ತೂಕ ಸರಿಯೋ ತಪ್ಪೋ ತಿಳಿಯುವುದು ಹೇಗೆ?

ಇಲ್ಲಿ ನನ್ನ ವೃತ್ತಿಯ ಅನುಭವವನ್ನು ಹೇಳುವುದು ಅಪ್ರಸ್ತುತವಾಗದು. ಮೂರು ದಶಕಗಳಿಗೂ ಮಿಕ್ಕಿ ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನ ಬೋಧಿಸಿದವನು ನಾನು. ಬೇಸಗೆಯ ರಜೆಯ ಆರಂಭವೆಲ್ಲ ಎಸ್.ಎಸ್.ಎಲ್.ಸಿ. ಮೌಲ್ಯಮಾಪನ ಕೇಂದ್ರಗಳ ಬೆಂಚುಗಳ ಮೇಲೆಯೇ ಕಳೆಯುತ್ತಿತ್ತು. ಅಲ್ಲಿ ನಮಗೆ ಮಾದರಿ ಉತ್ತರಗಳಿದ್ದವು, ಹಂತಕ್ಕಿಷ್ಟು ಅಂಕವೆಂಬ ಸೂಚನೆಯಿತ್ತು. ನಾವು ತಿದ್ದಿದ ಕಟ್ಟಿನಿಂದ ಕೆಲವನ್ನು ಆರಿಸಿ ಉಪಮುಖ್ಯ ಮೌಲ್ಯಮಾಪಕರು ಮತ್ತೆ ನೋಡುತ್ತಿದ್ದರು. ಅರ್ಧ ಅಂಕ ಹೆಚ್ಚುಕಡಿಮೆಯಾದರೂ ಕರೆದು ಕೇಳುತ್ತಿದ್ದರು. ಆಗ ಕೆಲವರಿಗೆ ಮುಜುಗರವಾಗುತ್ತಿತ್ತು; ಆದರೆ ಪರಿಶೀಲನೆಯೇ ಬೇಡವೆಂದು ಯಾರೂ ಹೇಳಲಿಲ್ಲ. ಈಗಂತೂ ವಿದ್ಯಾರ್ಥಿಯು ಶುಲ್ಕ ಕಟ್ಟಿ ತನ್ನ ಉತ್ತರಪತ್ರಿಕೆಯ ಪ್ರತಿಯನ್ನೇ ಪಡೆಯಬಹುದು, ಮರುಮೌಲ್ಯಮಾಪನ ಕೇಳಬಹುದು.

ಈ ಹಕ್ಕನ್ನು ದೇಶಕ್ಕೆಲ್ಲ ಸ್ಪಷ್ಟಪಡಿಸಿದ್ದು ಸರ್ವೋಚ್ಚ ನ್ಯಾಯಾಲಯ. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ೨೦೧೧ರ ಆಗಸ್ಟಿನಲ್ಲಿ ಅದು ನೀಡಿದ ತೀರ್ಪು ಎರಡು ಮಾತುಗಳನ್ನು ಒಟ್ಟಿಗೆ ಹೇಳಿತು. ಒಂದು, ಮೌಲ್ಯಮಾಪನಗೊಂಡ ತನ್ನ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಮಾಹಿತಿ ಹಕ್ಕು ಕಾಯಿದೆಯಡಿ ವಿದ್ಯಾರ್ಥಿಗಿದೆ. ಎರಡು, ಮೌಲ್ಯಮಾಪಕನ ಹೆಸರು ಮತ್ತು ಗುರುತನ್ನು ಮರೆಮಾಡಿಯೇ ಅದನ್ನು ತೋರಿಸಬೇಕು. ತೆರೆಯಬೇಕಾದದ್ದನ್ನು ತೆರೆದು, ಕಾಪಾಡಬೇಕಾದದ್ದನ್ನು ಕಾಪಾಡುವುದು ಅಸಾಧ್ಯವೇನಲ್ಲ ಎಂಬುದಕ್ಕೆ ಇದಕ್ಕಿಂತ ಸೊಗಸಾದ ಪ್ರಮಾಣ ಬೇಕೆ? ಹದಿನೈದು ವರ್ಷದ ಹುಡುಗಿಯ ಆರು ವಿಷಯಗಳ ಅಂಕಕ್ಕೆ ಇಷ್ಟು ನ್ಯಾಯ ಸಾಧ್ಯವಾದರೆ, ಅದೇ ಹುಡುಗಿ ದಿನಕ್ಕೆ ಮೂರು ತಾಸು ನೋಡುವ ಪರದೆಯ ಹಿಂದಿನ ಅಂಕಗಳಿಗೆ ಏಕೆ ಆಗದು?

ಆಗುತ್ತದೆ ಎಂದು ಯುರೋಪಿಯನ್ ಒಕ್ಕೂಟ ತೋರಿಸಿದೆ. ಅಲ್ಲಿನ 'ಡಿಜಿಟಲ್ ಸೇವೆಗಳ ಕಾಯಿದೆ' ೨೦೨೨ರಲ್ಲಿ ರೂಪುಗೊಂಡು ೨೦೨೪ರ ಫೆಬ್ರುವರಿಯಿಂದ ಪೂರ್ಣವಾಗಿ ಜಾರಿಯಲ್ಲಿದೆ. ಒಕ್ಕೂಟದಲ್ಲಿ ತಿಂಗಳಿಗೆ ೪.೫ ಕೋಟಿಗಿಂತ ಹೆಚ್ಚು ಬಳಕೆದಾರರಿರುವ ವೇದಿಕೆಗಳು ತಮ್ಮಿಂದ ಸಮಾಜಕ್ಕೆ ಒದಗಬಹುದಾದ ಅಪಾಯಗಳನ್ನು ತಾವೇ ಅಂದಾಜಿಸಿ ಬರೆದಿಡಬೇಕು; ವರ್ಷಕ್ಕೊಮ್ಮೆ ಸ್ವತಂತ್ರ ಲೆಕ್ಕಪರಿಶೋಧನೆಗೆ ಒಳಗಾಗಬೇಕು; ಪ್ರಕಟಿಸಿದ ಜಾಹೀರಾತುಗಳ ಭಂಡಾರವನ್ನು ಎಲ್ಲರಿಗೂ ತೆರೆದಿಡಬೇಕು; ಬಳಕೆದಾರನ ಜಾತಕ ಹಿಡಿಯದ ಶಿಫಾರಸು ಕ್ರಮವೊಂದನ್ನಾದರೂ ಆಯ್ಕೆಗೆ ಒದಗಿಸಬೇಕು. ಆ ಕಾಯಿದೆಯ ೪೦ನೆಯ ವಿಧಿ ಮಾನ್ಯತೆ ಪಡೆದ ಸಂಶೋಧಕರಿಗೆ ದತ್ತಾಂಶ ಕೇಳುವ ಹಕ್ಕು ಕೊಡುತ್ತದೆ. ಆಂತರಿಕ ದತ್ತಾಂಶವನ್ನೂ ಕೇಳಬಹುದಾದ ವಿಧಾನ ೨೦೨೫ರ ಅಕ್ಟೋಬರ್ ೨೯ರಿಂದ ಆಚರಣೆಗೆ ಬಂದಿದೆ. ಸಂಶೋಧಕನಿಗೂ ಅಂಕುಶಗಳಿವೆ: ಅವನು ವ್ಯಾಪಾರಿ ಹಿತಾಸಕ್ತಿಯಿಂದ ಮುಕ್ತನಾಗಿರಬೇಕು, ಹಣ ಎಲ್ಲಿಂದ ಬಂತೆಂದು ಹೇಳಬೇಕು, ದತ್ತಾಂಶವನ್ನು ಭದ್ರವಾಗಿಡಬೇಕು, ಫಲಿತಾಂಶವನ್ನು ಎಲ್ಲರಿಗೂ ಉಚಿತವಾಗಿ ಒದಗಿಸಬೇಕು.

ಮಾತು ಕಾಗದದ ಮೇಲೆಯೇ ಉಳಿದಿಲ್ಲ. ೨೦೨೫ರ ಡಿಸೆಂಬರಿನಲ್ಲಿ ಯುರೋಪಿಯನ್ ಆಯೋಗ ಎಕ್ಸ್ ಸಂಸ್ಥೆಗೆ ೧೨ ಕೋಟಿ ಯೂರೋ ದಂಡ ವಿಧಿಸಿತು. ಹಣ ಕೊಟ್ಟವರಿಗೆಲ್ಲ ನೀಲಿ ಗುರುತು ಕೊಟ್ಟು ಜನರನ್ನು ದಾರಿ ತಪ್ಪಿಸಿದ್ದು, ಜಾಹೀರಾತು ಭಂಡಾರವನ್ನು ಸರಿಯಾಗಿ ತೆರೆದಿಡದಿದ್ದದ್ದು, ಸಂಶೋಧಕರಿಗೆ ದತ್ತಾಂಶ ನಿರಾಕರಿಸಿದ್ದು ಎಂಬ ಮೂರು ಕಾರಣಗಳಿಗಾಗಿ. ಈ ಕಾಯಿದೆಯಡಿ ಜಾಗತಿಕ ವಾರ್ಷಿಕ ವಹಿವಾಟಿನ ಶೇಕಡಾ ೬ರವರೆಗೂ ದಂಡ ಹಾಕಬಹುದು.

ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಒಂದು ಅಂಶ ಅದರಲ್ಲಿದೆ. ತಮ್ಮ ವೇದಿಕೆಯಲ್ಲಿನ ಬರಹಗಳನ್ನು ಪರಿಶೀಲಿಸಲು ಎಷ್ಟು ಮಂದಿ ಮನುಷ್ಯರನ್ನು ನೇಮಿಸಿದ್ದೇವೆ ಎಂಬುದನ್ನು ಈ ದೊಡ್ಡ ವೇದಿಕೆಗಳು ಒಕ್ಕೂಟದ ೨೪ ಅಧಿಕೃತ ಭಾಷೆಗಳಲ್ಲಿ ಒಂದೊಂದಕ್ಕೂ ಪ್ರತ್ಯೇಕವಾಗಿ ಹೇಳಬೇಕು. ಮಾಲ್ಟಾ ಎಂಬ ಪುಟ್ಟ ದ್ವೀಪದೇಶದ ಜನಸಂಖ್ಯೆ ಸುಮಾರು ಐದೂವರೆ ಲಕ್ಷ. ಅವರ ಮಾಲ್ಟೀಸ್ ಭಾಷೆ ಬಲ್ಲ ಪರಿಶೀಲಕರು ಎಷ್ಟು ಎಂದು ಕೇಳಿದರೆ ಉತ್ತರ ಪ್ರಕಟವಾಗಲೇಬೇಕು. ೨೦೧೧ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು ೪.೩೭ ಕೋಟಿ, ತುಳುವರು ೧೮ ಲಕ್ಷಕ್ಕೂ ಹೆಚ್ಚು. ನಮ್ಮ ಭಾಷೆಯಲ್ಲಿ ಬರುವ ಬೈಗುಳ, ಬೆದರಿಕೆ, ಗಲಭೆಯ ಕರೆಗಳನ್ನು ಓದಿ ಅರ್ಥಮಾಡಿಕೊಳ್ಳಬಲ್ಲ ಮನುಷ್ಯರು ಆ ಸಂಸ್ಥೆಗಳಲ್ಲಿ ಎಷ್ಟಿದ್ದಾರೆ? ಹತ್ತೋ, ನೂರೋ? ಹೇಳಬೇಕೆಂಬ ಕಾನೂನು ನಮ್ಮಲ್ಲಿಲ್ಲ. ಕನ್ನಡದ ಅಭಿಮಾನವನ್ನು ನಾಮಫಲಕಗಳ ಗಾತ್ರದಲ್ಲಿ ಅಳೆಯುವ ನಮ್ಮ ಹೋರಾಟಗಾರರು ಈ ಪ್ರಶ್ನೆಯನ್ನೂ ಒಮ್ಮೆ ಕೇಳಬಾರದೆ?

ಹಾಗಾದರೆ ನಮ್ಮ ಕಾನೂನುಗಳು ಏನು ಹೇಳುತ್ತವೆ? ೨೦೨೧ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ೫೦ ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ಸಾಮಾಜಿಕ ಮಾಧ್ಯಮ ಸಂಸ್ಥೆ ಪ್ರತಿ ತಿಂಗಳೂ ಒಂದು ವರದಿ ಪ್ರಕಟಿಸಬೇಕು: ಎಷ್ಟು ದೂರು ಬಂತು, ಎಷ್ಟು ಬರಹ ತೆಗೆದೆವು ಎಂದು. ಬಹುಮಟ್ಟಿಗೆ ಅದು ಹಾಜರಿ ಪುಸ್ತಕವಿದ್ದಂತೆ; ಪಾಠ ಹೇಗೆ ನಡೆಯಿತೆಂದು ಹಾಜರಿ ಪುಸ್ತಕ ಹೇಳುವುದಿಲ್ಲ. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾಗಿವೆ. ಸಂಶೋಧನೆಗಾಗಿ ದತ್ತಾಂಶ ಬಳಸುವವರಿಗೆ ಅಲ್ಲಿ ಕೆಲವು ವಿನಾಯಿತಿಗಳಿವೆ. ಆದರೆ ಸಂಸ್ಥೆಯಿಂದ ದತ್ತಾಂಶ ಪಡೆಯುವ ಹಕ್ಕು ಇಲ್ಲ. ಹಸಿದವನಿಗೆ ಉಣ್ಣಲು ಅನುಮತಿ ಕೊಟ್ಟು ಅಡುಗೆಮನೆಗೆ ಬೀಗ ಹಾಕಿದಂತಾಯಿತು. ಸಾಲದುದಕ್ಕೆ ಅದೇ ಕಾಯಿದೆ ಮಾಹಿತಿ ಹಕ್ಕು ಕಾಯಿದೆಯ ೮(೧)(ಜೆ) ಉಪವಿಧಿಯನ್ನು ತಿದ್ದಿ, 'ವೈಯಕ್ತಿಕ ಮಾಹಿತಿ' ಎಂಬ ಒಂದೇ ನೆಪದಲ್ಲಿ ಕಡತ ಮುಚ್ಚಿಡುವ ದಾರಿಯನ್ನು ಅಗಲ ಮಾಡಿದೆ. ಸಾರ್ವಜನಿಕ ಹಿತದ ಹೆಸರಿನಲ್ಲಿ ಕೇಳಲು ೮(೨) ಉಪವಿಧಿ ಉಳಿದಿದೆ, ನಿಜ. ಆದರೂ, ಕೇಂದ್ರಕ್ಕಿಂತ ಐದು ವರ್ಷ ಮೊದಲೇ, ೨೦೦೦ದಲ್ಲಿ, ತನ್ನದೇ ಮಾಹಿತಿ ಹಕ್ಕು ಕಾಯಿದೆ ಮಾಡಿದ್ದ ಕರ್ನಾಟಕದವರಾದ ನಮಗೆ ಇದು ಸಣ್ಣ ನಷ್ಟವಲ್ಲ.

ಇದೆಲ್ಲ ಪಂಡಿತರ ಚರ್ಚೆ, ನಮಗೇನು ಸಂಬಂಧ ಎನ್ನುವವರಿಗಾಗಿ ಒಂದು ಘಟನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಮನೆಮನೆಗೆ ಊಟ ತಲುಪಿಸುವ ಕೆಲಸದಲ್ಲಿದ್ದಾನೆ. ಸಂಸ್ಥೆಯ ಹೆಸರು ಇಲ್ಲಿ ಬೇಡ. ಒಂದು ಬೆಳಿಗ್ಗೆ ಅವನ 'ಐಡಿ ಬ್ಲಾಕ್' ಆಯಿತು. ಅಂದರೆ ಕೆಲಸ ಹೋಯಿತು. ಕಾರಣವಿಲ್ಲ, ಪತ್ರವಿಲ್ಲ. ಒಂಬತ್ತು ದಿನಗಳ ಮೇಲೆ ಮತ್ತೆ ತಾನಾಗಿಯೇ ತೆರೆದುಕೊಂಡಿತು, ಅದಕ್ಕೂ ಕಾರಣವಿಲ್ಲ. ಆ ಒಂಬತ್ತು ದಿನಗಳಲ್ಲಿ ಬೈಕಿನ ಕಂತು ತಪ್ಪಿತು. "ಯಾರನ್ನಾದರೂ ಕೇಳಬೇಕಿತ್ತಪ್ಪ" ಎಂದೆ. "ಯಾರ್ನ ಕೇಳ್ಲಿ ಸಾರ್? ಅಲ್ಲಿ ಮನುಷ್ಯರೇ ಇಲ್ವಲ್ಲ" ಎಂದ. ನಾನು ಗದರಿಸಿದರೆ "ಯಾಕ್ ಸಾರ್?" ಎಂದು ಎದುರು ಕೇಳುತ್ತಿದ್ದ ಹುಡುಗ ಅವನು. ಈಗ ಕೇಳಲು ಎದುರಿಗೆ ಯಾರೂ ಇಲ್ಲ.

ಈ ವಿಷಯದಲ್ಲಿ ಕರ್ನಾಟಕ ಮೆಚ್ಚತಕ್ಕ ಒಂದು ಹೆಜ್ಜೆ ಇಟ್ಟಿದೆ. ೨೦೨೫ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಬಂದು ಅದೇ ವರ್ಷ ಕಾಯಿದೆಯಾದ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಶಾಸನ ಅದು. ಕಾರ್ಮಿಕರ ಪಾವತಿಯ ಮೇಲೆ ಶೇಕಡಾ ೧ರಿಂದ ೫ರವರೆಗೆ ಕಲ್ಯಾಣ ಶುಲ್ಕ ವಿಧಿಸುವುದರ ಜೊತೆಗೆ, ಕೆಲಸದಿಂದ ತೆಗೆಯಬೇಕಾದರೆ ಲಿಖಿತ ಕಾರಣ ಮತ್ತು ೧೪ ದಿನಗಳ ಮುನ್ಸೂಚನೆ ಬೇಕೆಂದು ಅದು ಹೇಳುತ್ತದೆ. ಯಂತ್ರವೇ ನಿರ್ಧಾರ ತೆಗೆದುಕೊಳ್ಳುವ ವ್ಯವಸ್ಥೆಯ ಬಗ್ಗೆ ಮಾಹಿತಿ ಕೇಳುವ ದಾರಿಯನ್ನೂ ಕಾರ್ಮಿಕನಿಗೆ ತೆರೆಯುತ್ತದೆ. ಸ್ವಾಗತಾರ್ಹ. ಆದರೆ ಇಷ್ಟೇ ಸಾಲದು. ಒಬ್ಬ ವಿದ್ಯಾರ್ಥಿಗೆ ಅವನ ಉತ್ತರಪತ್ರಿಕೆ ಕೊಟ್ಟರೆ ಅವನ ಅಂಕ ಸರಿಯೇ ಎಂದಷ್ಟೇ ತಿಳಿಯುತ್ತದೆ. ಒಂದು ಊರಿನ ಮಕ್ಕಳಿಗೆಲ್ಲ ಕಡಿಮೆ ಅಂಕ ಬಿದ್ದಿದೆಯೇ ಎಂದು ತಿಳಿಯಬೇಕಾದರೆ ಇಡೀ ಕಟ್ಟನ್ನು ಬಿಚ್ಚಬೇಕು. ಹೆಂಗಸರಿಗೆ ಕಡಿಮೆ ಆರ್ಡರು ಹೋಗುತ್ತಿದೆಯೇ, ಮುಷ್ಕರದಲ್ಲಿ ಭಾಗವಹಿಸಿದವರ ಐಡಿಗಳೇ ಹೆಚ್ಚಾಗಿ ಬ್ಲಾಕ್ ಆಗುತ್ತಿವೆಯೇ ಎಂಬ ಪ್ರಶ್ನೆಗಳಿಗೆ ಒಬ್ಬೊಬ್ಬನ ಚೀಟಿಯಲ್ಲಿ ಉತ್ತರವಿಲ್ಲ. ಅದಕ್ಕೆ ಸಮಗ್ರ ದತ್ತಾಂಶ ಬೇಕು, ನೋಡಲು ಬಲ್ಲವರು ಬೇಕು.

ದತ್ತಾಂಶ ಸಿಗದಿದ್ದರೆ ಏನಾಗುತ್ತದೆಂಬುದಕ್ಕೆ ೨೦೨೫ರ ಜನವರಿಯ ಪ್ರಸಂಗ ಸಾಕು. ಒಂದೇ ಪ್ರಯಾಣಕ್ಕೆ ಐಫೋನಿನಲ್ಲಿ ಒಂದು ದರ, ಆಂಡ್ರಾಯ್ಡ್ ಫೋನಿನಲ್ಲಿ ಇನ್ನೊಂದು ದರವೆಂಬ ದೂರಿನ ಮೇಲೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಓಲಾ ಮತ್ತು ಊಬರ್ ಸಂಸ್ಥೆಗಳಿಗೆ ನೋಟೀಸು ಕೊಟ್ಟಿತು. ಅದನ್ನು ಪ್ರಕಟಿಸಿದವರು ನಮ್ಮ ಧಾರವಾಡದ ಸಂಸದರೂ ಕೇಂದ್ರ ಸಚಿವರೂ ಆದ ಪ್ರಲ್ಹಾದ ಜೋಶಿಯವರು. ಸಂಸ್ಥೆಗಳು ಆರೋಪವನ್ನು ನಿರಾಕರಿಸಿದವು. ಯಾರ ಮಾತು ಸತ್ಯ? ನಾನು ಯಾರ ಪಕ್ಷವನ್ನೂ ವಹಿಸಲಾರೆ, ಏಕೆಂದರೆ ತೀರ್ಮಾನಿಸಲು ಬೇಕಾದ ಲೆಕ್ಕ ನನ್ನಂಥ ನಾಗರಿಕನ ಮುಂದಿಲ್ಲ. ಮುಚ್ಚಿದ ಪೆಟ್ಟಿಗೆಯ ಕೇಡು ಇದೇ: ತಪ್ಪು ಮಾಡಿದವನು ಸಿಕ್ಕಿಬೀಳುವುದಿಲ್ಲ, ತಪ್ಪು ಮಾಡದವನು ಸಂಶಯದಿಂದ ಪಾರಾಗುವುದಿಲ್ಲ. ಪ್ರಾಮಾಣಿಕ ಸಂಸ್ಥೆಗೂ ಪಾರದರ್ಶಕತೆಯೇ ಹಿತ.

ತೆರೆದ ಕಡೆ ಬೆಳಕು ಬಿದ್ದಿರುವುದಕ್ಕೂ ನಿದರ್ಶನವಿದೆ. ಭಾರತದ ರಾಜಕೀಯ ಜಾಹೀರಾತುಗಳ ಭಂಡಾರವನ್ನು ಫೇಸ್‌ಬುಕ್ ೨೦೧೯ರಲ್ಲಿ ತೆರೆದಿತ್ತು. ಅದರ ಲಕ್ಷಾಂತರ ಜಾಹೀರಾತುಗಳನ್ನು ಜಾಲಾಡಿದ ಪತ್ರಕರ್ತರು, ಎಲ್ಲ ಪಕ್ಷಗಳಿಗೂ ಒಂದೇ ದರ ಬೀಳುತ್ತಿಲ್ಲವೆಂದು ೨೦೨೨ರಲ್ಲಿ ವರದಿ ಮಾಡಿದರು. ತನ್ನ ನೀತಿ ಎಲ್ಲರಿಗೂ ಸಮಾನವೆಂದು ಸಂಸ್ಥೆ ಹೇಳಿತು. ಯಾವ ಪಕ್ಷಕ್ಕೆ ಲಾಭವಾಯಿತೆಂಬುದು ಈ ಬರಹದ ವಿಷಯವಲ್ಲ. ನಾಳೆ ಅದೇ ತಕ್ಕಡಿ ಇನ್ನೊಂದು ಕಡೆಗೆ ವಾಲಬಹುದು. ಅಂಕಿಗಳು ಮೇಜಿನ ಮೇಲಿದ್ದುದರಿಂದ ಚರ್ಚೆಯಾದರೂ ಸಾಧ್ಯವಾಯಿತು ಎಂಬುದೇ ಮುಖ್ಯ.

ಇನ್ನು ಆಕ್ಷೇಪಣೆಗಳು. ಮೊದಲನೆಯದು ವ್ಯಾಪಾರದ ಗುಟ್ಟು. ಔಷಧ ಕಂಪನಿ ತನ್ನ ಮಾತ್ರೆಯ ಪರೀಕ್ಷಾ ಫಲಿತಾಂಶವನ್ನು ಔಷಧ ನಿಯಂತ್ರಕರ ಮುಂದಿಡುತ್ತದೆ. ಬ್ಯಾಂಕು ತನ್ನ ಪುಸ್ತಕಗಳನ್ನು ರಿಸರ್ವ್ ಬ್ಯಾಂಕಿನ ಪರಿವೀಕ್ಷಕರಿಗೆ ತೋರಿಸುತ್ತದೆ. ಅದರಿಂದ ಅವುಗಳ ವ್ಯಾಪಾರ ಮುಳುಗಿಲ್ಲ. ಯುರೋಪಿನ ಕಾಯಿದೆಯಲ್ಲಿಯೂ, ನಿಜವಾದ ಗುಟ್ಟಿಗೆ ಧಕ್ಕೆಯಾಗುವುದಾದರೆ ೧೫ ದಿನಗಳೊಳಗೆ ಬದಲಿ ಮಾರ್ಗ ಸೂಚಿಸುವ ಅವಕಾಶ ಸಂಸ್ಥೆಗಿದೆ.

ಎರಡನೆಯದು, ಗುಟ್ಟು ಹೊರಬಿದ್ದರೆ ದುಷ್ಟರು ವ್ಯವಸ್ಥೆಯನ್ನು ವಂಚಿಸುತ್ತಾರೆಂಬುದು. ಪ್ರಶ್ನೆಪತ್ರಿಕೆ ಪರೀಕ್ಷೆಗೆ ಮುನ್ನ ಗುಟ್ಟಾಗಿರಬೇಕು, ಒಪ್ಪೋಣ. ಪರೀಕ್ಷೆ ಮುಗಿದ ಮೇಲೂ ಮಾದರಿ ಉತ್ತರ ತೋರಿಸಲಾರೆ ಎಂದು ಮಂಡಳಿ ಹೇಳಿದರೆ ಪೋಷಕರು ಸುಮ್ಮನಿದ್ದಾರೆಯೆ? ಅಷ್ಟಕ್ಕೂ ಇಲ್ಲಿ ಕೇಳುತ್ತಿರುವುದು ಊರಿಗೆಲ್ಲ ಡಂಗುರ ಸಾರಬೇಕೆಂದಲ್ಲ; ಮಾನ್ಯತೆ ಪಡೆದ ಪರಿಶೋಧಕರಿಗೆ ತೋರಿಸಬೇಕೆಂದು.

ಮೂರನೆಯದು ಖಾಸಗಿತನ. ಇದು ಗೌರವಿಸಬೇಕಾದ ಆಕ್ಷೇಪಣೆ. ೨೦೧೮ರಲ್ಲಿ ಹೊರಬಿದ್ದ ಕೇಂಬ್ರಿಜ್ ಅನಲಿಟಿಕಾ ಹಗರಣದಲ್ಲಿ ಜಗತ್ತಿನ ೮.೭ ಕೋಟಿ ಜನರ ವಿವರಗಳು ಕೈಬದಲಾಗಿರಬಹುದೆಂದು ಫೇಸ್‌ಬುಕ್ಕೇ ಒಪ್ಪಿಕೊಂಡಿತು. ಭಾರತದಲ್ಲಿ ಆ ಆ್ಯಪ್ ಹಾಕಿಕೊಂಡವರು ೩೩೫ ಮಂದಿ. ಅವರ ಸ್ನೇಹವಲಯದ ಮೂಲಕ ತೊಂದರೆಗೊಳಗಾದವರು ೫.೬ ಲಕ್ಷ. ಆದರೆ ಅಲ್ಲಿ ನಡೆದದ್ದೇನು? ಅರ್ಜಿಯನ್ನು ಪರಿಶೀಲಿಸಿದ ಸ್ವತಂತ್ರ ಪ್ರಾಧಿಕಾರವಿರಲಿಲ್ಲ, ಸ್ನೇಹಿತರ ಒಪ್ಪಿಗೆಯಿರಲಿಲ್ಲ, ಫಲಿತಾಂಶ ಪ್ರಕಟಿಸುವ ಹೊಣೆಯಿರಲಿಲ್ಲ. ಕಾನೂನಿಲ್ಲದ ಕಾಲದ ಅನಾಹುತವನ್ನು ತೋರಿಸಿ ಕಾನೂನು ಬೇಡ ಎನ್ನುವುದು, ಕಳ್ಳತನವಾಗಿದೆಯೆಂದು ಹೇಳಿ ಬೀಗ ಬೇಡ ಎಂದಂತೆ.

ನಾಲ್ಕನೆಯದೇ ನಿಜವಾಗಿ ಭಾರವಾದದ್ದು: ಸರಕಾರದ ಕೈಗೆ ಈ ಅಧಿಕಾರ ಕೊಟ್ಟರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಗುವುದಿಲ್ಲವೆ? ಈ ಭಯಕ್ಕೆ ಆಧಾರವಿದೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೯ಎ ವಿಧಿಯಡಿ ಸರಕಾರ ಹೊರಡಿಸುವ ತಡೆ ಆದೇಶಗಳನ್ನು ಗೋಪ್ಯವಾಗಿಡಬೇಕೆಂದು ೨೦೦೯ರ ನಿಯಮಗಳ ೧೬ನೆಯ ನಿಯಮ ಹೇಳುತ್ತದೆ. ಬರಹ ತೆಗೆಸುವ 'ಸಹಯೋಗ್' ಜಾಲದ ವಿರುದ್ಧ ಎಕ್ಸ್ ಸಂಸ್ಥೆ ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತ್ತು. ೨೦೨೫ರ ಸೆಪ್ಟೆಂಬರಿನಲ್ಲಿ ಅರ್ಜಿ ವಜಾ ಆಯಿತು. ಸರಕಾರ ಏನನ್ನು ತೆಗೆಸುತ್ತಿದೆ, ಸಂಸ್ಥೆ ಏನನ್ನು ಮೇಲೆತ್ತುತ್ತಿದೆ, ಎರಡೂ ಪ್ರಜೆಗೆ ಕಾಣದಂತಾಗಿದೆ. ಹೀಗಿರುವಾಗ ದತ್ತಾಂಶದ ಬೀಗದಕೈಯನ್ನು ಯಾವ ಮಂತ್ರಾಲಯಕ್ಕೂ ಕೊಡಬಾರದೆಂಬುದೇ ನನ್ನ ನಿಲುವು. ಅದು ಸಂಸತ್ತಿಗೆ ಉತ್ತರಿಸುವ ಸ್ವತಂತ್ರ ಪ್ರಾಧಿಕಾರದ ಬಳಿ ಇರಬೇಕು. ಸರಕಾರದ ತಡೆ ಆದೇಶಗಳೂ ಅದೇ ಬೆಳಕಿಗೆ ಬರಬೇಕು. ವ್ಯಾಪಾರಿಯ ತಕ್ಕಡಿಯನ್ನು ಪರೀಕ್ಷಿಸುವ ಅಧಿಕಾರಿಯ ಬಟ್ಟೂ ಸರಿಯಿರಬೇಕಲ್ಲವೆ?

ಆದ್ದರಿಂದ ನನ್ನ ಬೇಡಿಕೆಗಳು ಇವು. ೫೦ ಲಕ್ಷ ಬಳಕೆದಾರರನ್ನು ಮೀರಿದ ಪ್ರತಿ ವೇದಿಕೆಯೂ ಮಾನ್ಯತೆ ಪಡೆದ ಸಂಶೋಧಕರಿಗೆ, ಹೆಸರು ಮರೆಮಾಡಿದ ದತ್ತಾಂಶವನ್ನು ಒದಗಿಸಬೇಕು. ಆ ಮಾನ್ಯತೆ ದೆಹಲಿಯ ದೊಡ್ಡ ಸಂಸ್ಥೆಗಳಿಗಷ್ಟೇ ಅಲ್ಲದೆ ಧಾರವಾಡ, ಕಲಬುರಗಿ, ಮಂಗಳೂರುಗಳ ವಿಶ್ವವಿದ್ಯಾಲಯಗಳಿಗೂ ಸಿಗಬೇಕು. ಶಿಫಾರಸಿನ ಮುಖ್ಯ ಮಾನದಂಡಗಳನ್ನು ತಿಳಿಗನ್ನಡದಲ್ಲಿ ಪ್ರಕಟಿಸಬೇಕು. ಪರಿಶೀಲಕರ ಸಂಖ್ಯೆಯನ್ನು ಭಾಷಾವಾರು ಹೇಳಬೇಕು. ವರ್ಷಕ್ಕೊಮ್ಮೆ ಹೊರಗಿನವರಿಂದ ಪರಿ‌ಶೋಧನೆ ನಡೆದು ವರದಿ ಎಲ್ಲರಿಗೂ ದೊರೆಯಬೇಕು. ಸಾರ್ವಜನಿಕ ಹಿತಕ್ಕಾಗಿ ಅಧ್ಯಯನ ಮಾಡುವವರ ಖಾತೆ ಮುಚ್ಚುವುದು ಶಿಕ್ಷಾರ್ಹವಾಗಬೇಕು. ಇವುಗಳಲ್ಲಿ ಒಂದೂ ಹೊಸ ಆವಿಷ್ಕಾರವಲ್ಲ. ಬೇರೆಡೆ ಜಾರಿಯಲ್ಲಿರುವ, ಇಲ್ಲವೆ ನಮ್ಮಲ್ಲೇ ಬೇರೆ ಕ್ಷೇತ್ರಗಳಲ್ಲಿ ರೂಢಿಯಲ್ಲಿರುವ ಸಾಧಾರಣ ಶಿಸ್ತು.

ಈ ಬರಹ ಓದುವವರಲ್ಲಿ ನನ್ನ ವೃತ್ತಿಬಾಂಧವರೂ ಹಳೆಯ ವಿದ್ಯಾರ್ಥಿಗಳೂ ಇದ್ದೀರಿ. ಕರಡು ನಿಯಮಗಳು ಪ್ರಕಟವಾದಾಗ ಸಾರ್ವಜನಿಕರ ಅಭಿಪ್ರಾಯ ಕೇಳುವ ಪದ್ಧತಿ ಇನ್ನೂ ಇದೆ. ಕಂಪನಿಗಳ ವಕೀಲರು ನೂರಾರು ಪುಟ ಬರೆದು ಕಳುಹಿಸುತ್ತಾರೆ. ನಾವು ಒಂದು ಪುಟವನ್ನಾದರೂ ಬರೆಯೋಣ, ಕನ್ನಡದಲ್ಲಿಯೇ ಬರೆಯೋಣ. ನಿಮ್ಮ ಸಂಸದರು ಮತ ಕೇಳಲು ಬಂದಾಗ ರಸ್ತೆ, ನೀರಿನ ಜೊತೆಗೆ ಇದನ್ನೂ ಕೇಳಿ: ನಮ್ಮ ಮಕ್ಕಳ ಮುಂದೆ ಲೋಕವನ್ನು ತೂಗಿಡುವ ಆ ತಕ್ಕಡಿಯನ್ನು ಪರೀಕ್ಷಿಸಿದವರು ಯಾರು, ಪರೀಕ್ಷಿಸಿದ್ದು ಯಾವಾಗ? ಅವರು ತಬ್ಬಿಬ್ಬಾದರೆ ಮುಂದಿನ ಸಲ ಬಂದಾಗ ಮತ್ತೆ ಕೇಳಿ. ಕಲಿಯದ ಮಗುವಿಗೆ ಅದೇ ಪ್ರಶ್ನೆಯನ್ನು ಹತ್ತು ಬಾರಿ ಕೇಳುವ ತಾಳ್ಮೆ ನಮ್ಮ ವೃತ್ತಿಯವರಿಗೆ ಹೊಸದೇನಲ್ಲ.